ಜೋಡಿಗೂಡು

ಐವತ್ತೆರಡು ಕೋರಂತೆ
ಬರುವ ವರ್ಷದ ಚಿಪ್ಪಿಗೆ.
ಅಂತೆಯ ಮೇಲೆ ಕಂತೆ ಹೇರಿಕೊಂಡು ಚಲಪತಿ
ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಹೇಳಿದ.
ಹಿಂದಿನ ದೀಪಾವಳಿಗೂ ಹೀಗೇ ನಿಂತಿದ್ದ:
ಇಪ್ಪತ್ತನಾಲ್ಕಂತೆ ಅಣ್ಣಾ, ಒಂಚೂರು ತಡೆಯೋಣ.
ಅದು ಬಂತು, ಹಳತೂ ಆಯಿತು.
ದುಡ್ಡು ಇನ್ನೂ ಅವನ ಜೇಬಲ್ಲೇ.

ಶಿಡ್ಲಘಟ್ಟದಲ್ಲಿ ಕಂಪ್ಯೂಟರ್ ಜೋಡಿಸುವವನು ನಾನು,
ದಿಬ್ಬೂರಹಳ್ಳಿ ರಸ್ತೆ, ಫಿಲೇಚರ್ ಪಕ್ಕದ ಮಳಿಗೆ.
ಹೊಸ ಮದರ್‌ಬೋರ್ಡಿನ ಪೆಟ್ಟಿಗೆ ಒಡೆದರೂ
ಮೂಗಿಗೆ ಮೊದಲು ಬಡಿಯುವುದು
ಬೇಯುವ ಗೂಡು.

ಅಮೀರ್‌ಜಾನ್ ಸಾಬರು ಬಿಲ್ಲಿನ ಪ್ರಿಂಟರ್ ತಂದಿದ್ದರು.
ನನ್ನ ಅಂಗೈಯಲ್ಲಿದ್ದ ಚಿಪ್ಪನ್ನು
ಎರಡು ಬೆರಳಲ್ಲಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ,
ಹರಾಜಿಗೆ ಬಂದ ಗೂಡನ್ನು ನೋಡುವ ಹಾಗೆ ನೋಡಿದರು.
ಈ ತಗಡಿನ ಕೆಳಗೆ ಇರುವುದು ಉಗುರಗಲ, ಅಂದೆ.
"ಅಷ್ಟರಲ್ಲೇ ಅಷ್ಟೂನಾ?
ಚಂದ್ರಿಕೆ ದೊಡ್ಡದು ಮಾಡಬಾರದೇ?"

ಮಾಡಬಹುದು ಸಾಬರೇ.
ಆದರೆ ಎಲ್ಲವನ್ನೂ ಕತ್ತರಿಸುವುದು ಒಂದೇ ಬಿಲ್ಲೆಯಿಂದ.
ಧೂಳಿನ ಕಣವೊಂದು ಕೂತರೆ
ಸಣ್ಣದಾದರೆ ಸಣ್ಣದೊಂದು ಹೋಯಿತು,
ದೊಡ್ಡದಾದರೆ ಅಷ್ಟೂ ಹೋಯಿತು.
ಅದಕ್ಕೇ ತುಂಡುತುಂಡಾಗಿ ಮಾಡಿ, ಕೆಟ್ಟದ್ದು ಆರಿಸಿ,
ಉಳಿದದ್ದನ್ನು ಪಕ್ಕಪಕ್ಕ ಕೂರಿಸಿ
ಒಂದು ಅಂತ ಮಾರುತ್ತಾರೆ.
ಅರ್ಧ ಸತ್ತದ್ದನ್ನೂ ಬಿಸಾಡುವುದಿಲ್ಲ,
ಸತ್ತ ಕೋರಿನ ಬಾಯಿ ಹೊಲಿದು
ಚಿಕ್ಕ ನಂಬರ್ ಕೊಟ್ಟು, ಚಿಕ್ಕ ಬೆಲೆಗೆ.

"ನಮ್ಮ ಮಾರ್ಕೆಟ್ಟೇ ಆಯಿತಲ್ಲಪ್ಪಾ!
ಕಲೆಗೂಡಿಗೂ ಒಬ್ಬ ಗಿರಾಕಿ ಇದ್ದೇ ಇರ್ತಾನೆ."

ಒಂದು ಕೋರಿಗೆ ಎರಡು ಎಳೆ ಅಂತಾರಲ್ಲ,
ಏನದು, ಎಂದೂ ಕೇಳಿದರು.
ಒಬ್ಬನೇ ಇಬ್ಬರ ಹಾಗೆ ದುಡಿಯುವುದು, ಅಂದೆ.
ಈಚೆಗೆ ಕೆಲವು ಚಿಪ್ಪಿನಲ್ಲಿ ಅದನ್ನು ಬಿಟ್ಟೂ ಬಿಟ್ಟಿದ್ದಾರೆ.

ಸಾಬರು ಪ್ರಿಂಟರಿನ ವೈರನ್ನು ಸುತ್ತಿದರು, ಬಿಚ್ಚಿದರು.
"ಜೋಡಿಗೂಡು ನೋಡಿದ್ದೀಯಾ?
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿರ್ತವೆ.
ದಪ್ಪ ಗೂಡು, ಕಣ್ಣಿಗೆ ಲಾಭ.
ಬಾಂಡ್ಲಿಗೆ ಹಾಕಿ ಎಳೆ ಎಳಿ,
ಇದರದ್ದು ಅದರದ್ದರಲ್ಲಿ ಸಿಕ್ಕು.
ನಮ್ಮ ಅಮ್ಮಿ ಅವನ್ನ ಬೇರೆ ತೆಗೆದಿಡೋರು.
ಬಯ್ತಿರಲಿಲ್ಲ.
ಚಳಿ ಇತ್ತೇನೋ ಪಾಪ, ಅನ್ನೋರು."

ಪ್ರಿಂಟರಿಗೆ ಆಗಿದ್ದು ಏನೂ ಇಲ್ಲ,
ರೋಲರಿಗೆ ಒಂದು ರೇಷ್ಮೆಯ ಎಳೆ ಸುತ್ತಿಕೊಂಡಿತ್ತು.

ಚಲಪತಿ ಈ ಸಲವೂ ಕೊಳ್ಳಲಿಲ್ಲ.
ಮೇಲೂರಿನ ಅವನ ಕೋಣೆಯಲ್ಲಿ
ಎರಡೇ ಕೋರಿನ ಹಳೆಯ ಡಬ್ಬ,
ಪಕ್ಕೆಯ ತಗಡು ಕಳಚಿ, ಟೇಬಲ್ ಫ್ಯಾನಿನ ಎದುರು
ರಾತ್ರಿಯಿಡೀ ಯಾರದೋ ಮದುವೆಯ ವಿಡಿಯೋ ಬಿಚ್ಚುತ್ತದೆ,
ಸುತ್ತುತ್ತದೆ, ಬಿಸಿಯಾಗಿ ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ.
ಫಿಲೇಚರಿನ ಬಾಯ್ಲರ್ ಹೊತ್ತಿಕೊಳ್ಳುವ ಜಾವಕ್ಕೆ
ನನ್ನ ಫೋನಿಗೆ ಅವನ ಮೆಸೇಜು:
ಶೇಕಡ ಅರವತ್ತೊಂದು ಅಣ್ಣಾ.
ಧಾರೆ ಆಯಿತು,
ಅರುಂಧತಿ ಬಾಕಿ.