ಕರಿ ಬೀಜ

ಯಂತ್ರ ಬಂದದ್ದು ಒಂದು ಶುಕ್ರವಾರ,
ಲಾರಿಯಲ್ಲಿ, ನೀಲಿ ತಾಡಪಾಲು ಹೊದ್ದು
ಮದುಮಗನ ಹಾಗೆ.
ಮೇಸ್ತ್ರಿ ತೆಂಗಿನಕಾಯಿ ಒಡೆದ,
ನಮಗೂ ಚೂರು ಚೂರು ಕೊಟ್ಟ.
ತಿಂದೆವು.

ಅದಕ್ಕೆ ಕಣ್ಣಿದೆಯಂತೆ.
ಕರಿ ಬೀಜ ಕಂಡರೆ ಉಫ್ ಎಂದು ಊದಿ
ಪಕ್ಕಕ್ಕೆ ಹಾರಿಸುತ್ತದಂತೆ.
ನಾವು ನಲವತ್ತು ಜನ ದಿನವಿಡೀ ಆರಿಸುವುದನ್ನು
ಅದು ಒಂದು ಟೀ ಕುಡಿಯುವಷ್ಟರಲ್ಲಿ...
‘ಟೀ ಕುಡಿಯೋದಿಲ್ವಲ್ಲ, ಅದೇ ಅದರ ಹೆಚ್ಚುಗಾರಿಕೆ’
ಅಂದಳು ಉಪ್ಪಳ್ಳಿಯ ರುಕಿಯಾ.
ನಕ್ಕೆವು. ಆಮೇಲೆ ಸೋಮವಾರ ಬಂತು.

ಉಫ್.

ಹತ್ತೊಂಬತ್ತು ವರ್ಷ ಕೂತ ಮಣೆಯನ್ನು ಮನೆಗೆ ತಂದೆ.
ದಂಟರಮಕ್ಕಿಯ ಒಂದೂವರೆ ಕೋಣೆಯಲ್ಲಿ
ಅಕ್ಕಿ ಆರಿಸಿದೆ, ಬೇಳೆ ಆರಿಸಿದೆ,
ಆರಿಸಿದ್ದನ್ನೇ ಮತ್ತೆ ಆರಿಸಿದೆ.
ಅಂಗಡಿ ಅಕ್ಕಿಯಲ್ಲಿ ಈಗ ಒಂದು ಕಲ್ಲೂ ಇಲ್ಲ,
ಅಲ್ಲಿಗೂ ಬಂದಿರಬೇಕು ಇದರ ತಮ್ಮ.
ನಿದ್ದೆಯಲ್ಲಿ ನನ್ನ ಬೆರಳು ಚಾದರದ ಮೇಲೆ
ಟಕ ಟಕ ಓಡಾಡುತ್ತಿದ್ದವೆಂದು
ಮಗಳು ಹೇಳಿದಳು, ಹೆದರಿಕೊಂಡು.

ಯಂತ್ರಕ್ಕೆ ಬೇಕಾದದ್ದು ಒಂದು ಮೂಲೆ.
ಉಳಿದ ಶೆಡ್ಡನ್ನು ನಾಟಕದವರು ಬಾಡಿಗೆಗೆ ಹಿಡಿದರು.
ಅರ್ಧ ತಲೆ ಬೋಳಿಸಿಕೊಂಡ ನೇಸರಾ ಅನ್ನುವ ಹುಡುಗಿ,
ಗುಡಿಸಲು ಯಾರಾದರೂ ಬೇಕೆಂದಳು. ಹೋದೆ.
ನೆಲದ ಬಿರುಕಿನಲ್ಲಿ ಇನ್ನೂ ನಮ್ಮ ಕಾಲದ ಬೀಜ.
ಪೊರಕೆ ಬಿಟ್ಟು ಕುಕ್ಕರಗಾಲಲ್ಲಿ ಕೂತದ್ದು
ನನಗೇ ಗೊತ್ತಾಗಲಿಲ್ಲ.

‘ಇನ್ನೊಂದ್ಸಲ ಮಾಡಿ’
‘ಏನನ್ನ?’
‘ಈಗ ಮಾಡಿದ್ದನ್ನ. ಬೀಜ ಇಲ್ಲದೆ.’

ಬೀಜ ಇಲ್ಲದೆ ಕೈ ಗಾಳಿಯಲ್ಲಿ ನಿಂತುಬಿಟ್ಟಿತು,
ಸೀರೆ ಉಡದೆ ಬೀದಿಗೆ ಬಂದ ಹಾಗೆ ನಾಚಿಕೆ.
ಮಾರನೆಯ ದಿನ ರುಕಿಯಾಳನ್ನು ಕರೆದೊಯ್ದೆ,
ಮಾತಾಡುವವಳು ಒಬ್ಬಳಿರಲಿ ಎಂದು.
ತಿಂಗಳೊಳಗೆ ಏಳು ಮಣೆ ವಾಪಸು ಬಂದವು.

ಕೂಲಿ ಹಿಂದಿಗಿಂತ ಕಡಿಮೆ, ಮುಚ್ಚಿಡುವುದಿಲ್ಲ.
ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಇನ್ನೂರು ಚಪಾತಿ,
ಸಂಜೆ ಇದು.
ಇದಕ್ಕೆ ಏನನ್ನಬೇಕೋ ಗೊತ್ತಿಲ್ಲ.
ಪೇಪರಿನವನು ‘ಡ್ಯಾನ್ಸಾ, ನಾಟಕವಾ?’ ಅಂದಾಗ
‘ಆರಿಸೋದು’ ಅಂದೆ.
ಬರೆದುಕೊಂಡ ಪಾಪ.

ಮೊದಲ ಷೋ. ಗೋಣಿಚೀಲದ ಮೇಲೆ ಜನ.
ಮುಂದಿನ ಸಾಲಿನಲ್ಲಿ ಮೇಸ್ತ್ರಿ, ಇಸ್ತ್ರಿ ಅಂಗಿ ತೊಟ್ಟು.
ಲ್ಯಾಪ್‌ಟಾಪಿನ ಹುಡುಗ ಯಂತ್ರದ ಸದ್ದನ್ನೇ ಹಿಡಿದಿಟ್ಟು
ತಾಳ ಮಾಡಿದ್ದ:
ಉಫ್ ಉಫ್, ಉಉಫ್, ಉಫ್
ನಮ್ಮನ್ನು ಹಾರಿಸಿದ ಗಾಳಿಗೆ
ಹದಿನಾಲ್ಕು ಕೈ ಏಳುತ್ತಿದ್ದವು, ಬೀಳುತ್ತಿದ್ದವು.

ನಡುವೆ ಸಾವೇರಮ್ಮನಿಗೆ ಸೊಂಟ ಹಿಡಿಯಿತು.
ಎದ್ದಳು. ಬೆನ್ನಿಗೆ ಕೈ ಕೊಟ್ಟು
ತಗಡಿನ ಮಾಡನ್ನು ನೋಡುತ್ತ
‘ಅಯ್ಯೋ ಸ್ವಾಮಿ’ ಅಂದಳು, ದೀರ್ಘವಾಗಿ.
ಶೆಡ್ಡಿಗೆ ಶೆಡ್ಡೇ ಉಸಿರು ಹಿಡಿಯಿತು.
ಆಮೇಲೆ ಚಪ್ಪಾಳೆ.
ಈಗ ಪ್ರತಿ ಷೋದಲ್ಲೂ ಅಲ್ಲಿ ಅವಳು ಏಳಲೇಬೇಕು,
ಸೊಂಟ ನೆಟ್ಟಗಿದ್ದರೂ.
‘ಹತ್ತೊಂಬತ್ತು ವರ್ಷ ಎದ್ದರೆ ಬಯ್ಯೋರು,
ಈಗ ಏಳದಿದ್ದರೆ’ ಅನ್ನುತ್ತಾಳೆ.

ಮೇಸ್ತ್ರಿ ಏನೂ ಹೇಳಲಿಲ್ಲ.
ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕಲು
ಬಹಳ ಹೊತ್ತು ತೆಗೆದುಕೊಂಡ.

ಎಲ್ಲರೂ ಹೋದ ಮೇಲೆ ಗುಡಿಸಿದೆ,
ಆ ಕೆಲಸ ಇನ್ನೂ ನನ್ನದೇ.
ಬಿರುಕಿನಲ್ಲಿ ಒಂದು ಬೀಜ ಸಿಕ್ಕಿತು.
ಒಳ್ಳೆಯದೋ ಕರಿಯದೋ ನೋಡದೆ
ಸೆರಗಿಗೆ ಗಂಟು ಹಾಕಿಕೊಂಡೆ.

ನಾಡಿದ್ದು ಹಾಸನದಲ್ಲಿ ಷೋ.
ಬಸ್ಸಿಗೆ ಮಣೆ ಹಾಕಿಸಬೇಕು, ಮರೆಯಬಾರದು.