ಬಹುದು

ಮೊದಲು ಬಂದದ್ದು ಕಾಗದ, ಆಮೇಲೆ ಮನುಷ್ಯ.
ಹನ್ನೊಂದು ಹಾಳೆ, ಮೂಲೆಗೆ ಪಿನ್ನು,
ಹಾಳೆ ಹಾಳೆಯ ಅಡಿಗೂ ಚೇರ್ಮನ್ನರ ಹಸಿರು ಇಂಕಿನ ಗೀಟು.
ಗುತ್ತಲು ರಸ್ತೆಯ ನನ್ನ ಆಫೀಸಿನ ಫ್ಯಾನು
ನನಗಿಂತ ಮೊದಲೇ ಅದನ್ನು ಮಗುಚಿ ಮಗುಚಿ ಓದುತ್ತಿತ್ತು.

ಬೋರಲಿಂಗಯ್ಯ, ವಯಸ್ಸು ಐವತ್ತಮೂರು,
ಹೊಸ ಸಕ್ಕರೆ ಕಾರ್ಖಾನೆಗೆ ಜನರಲ್ ಮ್ಯಾನೇಜರ್ ಆಗಲಿರುವವರು,
ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು:
"ಮೇಡಂ, ಇದ್ರಾಗೆ ತಕ್ಕದ್ದು ಎಷ್ಟದೆ, ಬಹುದು ಎಷ್ಟದೆ,
ವಸಿ ಎಣಿಸಿ ಹೇಳಿ."

ಎಣಿಸಿದೆ. ಟೈಪು ನಿಲ್ಲಿಸಿ ಇಂದ್ರಾಣಿಯೂ ಎಣಿಸಿದಳು.
ನೋಡಿಕೊಳ್ಳತಕ್ಕದ್ದು, ನುರಿಸತಕ್ಕದ್ದು, ಉತ್ತರಿಸತಕ್ಕದ್ದು,
ಇಳುವರಿ ಬಿದ್ದರೆ ಹೊಣೆ ಹೊರತಕ್ಕದ್ದು,
ಕಾಲಕಾಲಕ್ಕೆ ಮಂಡಳಿ ವಹಿಸುವ ಇತರೆ ಕೆಲಸಗಳನ್ನೂ—
ಆ 'ಇತರೆ'ಯೊಳಗೆ ಚೇರ್ಮನ್ನರ ಮೊಮ್ಮಗನ ನಾಮಕರಣದ
ಶಾಮಿಯಾನವೂ ಹಿಡಿಸುತ್ತದೆ, ಕಂಡಿದ್ದೇನೆ.
ತಕ್ಕದ್ದು ನಲವತ್ತೇಳು.
ಬಹುದು ಎರಡು:
ವರ್ಷಕ್ಕೆ ಹನ್ನೆರಡು ದಿನ ರಜೆ ಪಡೆಯಬಹುದು.
ಮೂರು ತಿಂಗಳ ನೋಟಿಸು ಕೊಟ್ಟು ಬಿಟ್ಟು ಹೋಗಬಹುದು.

ನಕ್ಕರು. ನಗು ಆರುವ ಮೊದಲೇ
ಹಳೆಯ ಕಾರ್ಖಾನೆ ಬಾಯಿಗೆ ಬಂತು.

"ರಾತ್ರಿ ಎರಡೂ ಮುಕ್ಕಾಲು. ಮೂರನೇ ಗಾಣದ ಬೇರಿಂಗು
ಕಾದು ಕಾದು ಎಣ್ಣೆ ಹೊಗೆಯಾಡ್ತಿತ್ತು.
ನಿಲ್ಸೋಕೆ ಮುಂಚೆ ಎಂ.ಡಿ.ಯವರ ಜೊತೆ
'ಸಮಾಲೋಚಿಸಿ' ಅಂತ ಬರೆದಿತ್ತು ನನ್ನ ಕಾಗದದಲ್ಲಿ.
ಫೋನ್ ಮಾಡ್ದೆ. ಒಂಬತ್ತು ಸಲ ಮಾಡ್ದೆ.
ಅವ್ರು ಮಲಗಿದ್ರು. ತಪ್ಪೇನು, ರಾತ್ರಿ ಇರೋದು ನಿದ್ದೆಗೇ ಅಲ್ವಾ.
ಆ ಇಪ್ಪತ್ತು ನಿಮಿಷದಾಗೆ ಫಿಟ್ಟರ್ ದಸ್ತಗೀರ್
ನೀರು ಹುಯ್ಯೋಕೆ ಅಂತ ಬಗ್ಗಿದ."
ಮಾತಿನ ಬದಲು ಎರಡು ಬೆರಳು ಮಡಚಿ ತೋರಿಸಿದರು.
"ವಿಚಾರಣೆಗೆ ಅದೇ ಕಾಗದ ತಂದು ಓದಿದ್ರು ಮೇಡಂ.
'ಸುರಕ್ಷತೆ ನೋಡಿಕೊಳ್ಳತಕ್ಕದ್ದು.' ನೋಡ್ಕೊಂಡ್ರಾ?
ನೋಡ್ತಿದ್ದೆ.
ನೋಡ್ತಾನೇ ಇದ್ದೆ."

ಹೊಣೆ ಹೊರಿಸಿ ಕೈ ಕಟ್ಟುವ ಇಂಥ ಕಾಗದಗಳನ್ನು
ಇಪ್ಪತ್ತು ವರ್ಷ ನಾನೇ ಬರೆದುಕೊಟ್ಟಿದ್ದೇನೆ,
ಪುಟಕ್ಕಿಷ್ಟು ಅಂತ ಫೀಸು ಎಣಿಸಿಕೊಂಡು.
ಅದನ್ನು ಅವರಿಗೆ ಹೇಳಲಿಲ್ಲ. ಇಂದ್ರಾಣಿ ಕಡೆ ನೋಡಲೂ ಇಲ್ಲ.
ನಾಲ್ಕನೇ ಕಲಮಿನ ಅಡಿ ಒಂದು ಸಾಲು ಸೇರಿಸಿದೆವು:
ಜೀವಕ್ಕೆ ಅಪಾಯ ಕಂಡಲ್ಲಿ, ಯಾರನ್ನೂ ಕೇಳದೆ,
ಗಾಣ ನಿಲ್ಲಿಸಬಹುದು;
ನಿಲ್ಲಿಸಿದ ಮೇಲೆ ತಿಳಿಸತಕ್ಕದ್ದು.

ಹಾಳೆ ಹೋಯಿತು, ಬಂತು.
'ಯಾರನ್ನೂ ಕೇಳದೆ'ಯ ಮೇಲೆ ಹಸಿರು ಗೀಟು.
ಮತ್ತೆ ಹೋಯಿತು. ಬಂತು,
'ಸಮಾಲೋಚಿಸಿ'ಯನ್ನು ಕಂಕುಳಲ್ಲಿ ಇರುಕಿಕೊಂಡು.
ಮೂರನೇ ಸಲ ಚೇರ್ಮನ್ ಮರಿಕಾಳೇಗೌಡರೇ ಬಂದರು,
ಪಾಕ ಎಳೆ ಬಂದಂಥ ಮಾತು:
"ಕಾರು ಕೊಟ್ಟಿವ್ನಿ, ಕ್ವಾರ್ಟರ್ಸು ಕೊಟ್ಟಿವ್ನಿ.
ಗಾಣ ನಂದು ಕಣಮ್ಮ. ಅದನ್ನೂ ಕೊಡು ಅಂದ್ರೆ?"

ಬೋರಲಿಂಗಯ್ಯ ಎದ್ದು ನಿಂತರು.
"ಕಾರು ನೀವೇ ಮಡೀಕಳಿ ಸ್ವಾಮಿ, ನನ್ನತ್ರ ಮೊಪೆಡ್ ಅದೆ.
ಆ ಒಂದು ಪದ ಬುಟ್ಬುಡಿ."
ಗೌಡರು ಬಹಳ ಹೊತ್ತು ಫ್ಯಾನನ್ನೇ ನೋಡಿದರು.
ಆಮೇಲೆ ಪೆನ್ನು ತೆಗೆದು
ಕಾರಿನ ಕಲಮನ್ನು ಮೂರು ಗೀಟು ಹೊಡೆದು ಹಾಕಿದರು,
ಚಾಲಕನ ಸಂಬಳದ ಸಾಲನ್ನೂ ಮರೆಯದೆ.
ಪದ ಉಳಿಯಿತು.

ನನ್ನ ಮನೆಯಿಂದ ಕಾರ್ಖಾನೆಗೆ ಒಂದೇ ಮೈಲಿ.
ಕಾರ್ತೀಕದಿಂದಾಚೆ ಒಣಹಾಕಿದ ಬಟ್ಟೆಗೆಲ್ಲ ಕರಿ ಮಸಿ,
ಗಾಣದ ಗುಂಯ್ ಎನ್ನುವ ಸದ್ದಿನೊಳಗೇ ನಮ್ಮೆಲ್ಲರ ನಿದ್ದೆ.
ಮೊನ್ನೆ ರಾತ್ರಿ ಎಚ್ಚರವಾಯಿತು. ಮೂರೂ ಕಾಲು.
ಸದ್ದಿರಲಿಲ್ಲ.
ನಾಲೆಯ ನೀರು ಹರಿಯುವುದು ಮಲಗುವ ಕೋಣೆಗೇ ಕೇಳಿಸಿತು.

ಕರೆಂಟು ಹೋಗಿರಬಹುದು.
ಕಬ್ಬಿನ ಲೋಡು ಬರದೆ ಇರಬಹುದು.
ಬಹುದು, ಬಹುದು ಅಂದುಕೊಳ್ಳುತ್ತ
ಕಿಟಕಿಯ ಹತ್ತಿರ ಕೂತೆ,
ಅದು ಮತ್ತೆ ಶುರುವಾಗುವ ತನಕ.