ಬಂತಾ?

ಹದಿನೆಂಟು ಕಿಲೋ ಹಳೆಯ ಟಿವಿ ಹೊರಬಿದ್ದ ಮೇಲೆ
ವ್ಯಾನಿನ ಕಪಾಟಿನಲ್ಲಿ ಉಳಿದದ್ದು ಒಂದು ಗುಹೆ,
ಅದರೊಳಗೆ ಇಪ್ಪತ್ತು ವರ್ಷದ ಧೂಳು,
ಒಂದು ಹಳದಿ ಲೂಡೋ ಕಾಯಿ,
ನಾನು ಹೋಯಿತೆಂದು ಅತ್ತಿದ್ದ ಕಿವಿಯೋಲೆ.

ಹೊಸದು ರೊಟ್ಟಿಯಷ್ಟು ತೆಳ್ಳಗೆ.
‘ಹನ್ನೆರಡೇ ವೋಲ್ಟು ಸಾಕು’ ಎಂದು
ತೊಟ್ಟಿಲ ಕೂಸಿಗೆ ಹೆಸರು ಉಸುರುವಂತೆ
ತೂರ್ಲೈಫ್ ನನ್ನ ಕಿವಿಯಲ್ಲಿ ಮೂರು ಸಲ ಹೇಳಿದ.

ಈಗ ವೈರು ಎಳೆದುಕೊಂಡು
ಸೆನ್ಯಾ ದ್ವೀಪದ ಕಲ್ಲುದಂಡೆಯ ತನಕ ಹೋಗಿದ್ದಾನೆ.
ಮುಕ್ಕಾಲಿಯ ಮೇಲೆ ತಟ್ಟೆ, ಬಾಯಲ್ಲಿ ಸ್ಕ್ರೂ.
ಇಷ್ಟು ಉತ್ತರಕ್ಕೆ ಬಂದರೆ ಉಪಗ್ರಹ
ನೆತ್ತಿಯ ಮೇಲಿರುವುದಿಲ್ಲವಂತೆ,
ಬೆಟ್ಟದ ಭುಜದ ಹಿಂದೆ ಸಾಲಗಾರನ ಹಾಗೆ
ಕುಕ್ಕುರುಗಾಲಲ್ಲಿ ಕೂತಿರುತ್ತದಂತೆ.
ತಟ್ಟೆ ಆಕಾಶ ನೋಡುವುದಿಲ್ಲ,
ಎದುರು ನಿಂತವರ ಮುಖ ನೋಡುತ್ತದೆ.

‘ಬಂತಾ?’
‘ಇಲ್ಲ.’
‘ಈಗ?’
‘ಬಂ... ಹೋಯ್ತು.’

ಪಕ್ಕದ ವ್ಯಾನಿನ ಜರ್ಮನ್ ಮುದುಕನಿಗೆ
ನಮ್ಮ ಭಾಷೆ ಬಾರದು. ಆದರೂ ಸಂಜೆಯೊಳಗೆ
ಇಷ್ಟು ಕಲಿತು, ನನಗಿಂತ ಮೊದಲೇ
ಕಿಟಕಿಯಿಂದ ‘ಇಲ್ಲ’ ಎನ್ನತೊಡಗಿದ.

ಒಂದು ಹಿಮಸಾರಂಗ ಬಂದು
ತಟ್ಟೆಯ ಮುಂದೆಯೇ ನಿಂತು ಮೈ ಕೆರೆದುಕೊಂಡಿತು.
ಅದಕ್ಕೆ ದಾರಿ ಬಿಡಲು ತೂರ್ಲೈಫ್
ಎರಡು ಹೆಜ್ಜೆ ಹಿಂದೆ ಸರಿದು, ವೈರು ತುಳಿದು,
ಮುಕ್ಕಾಲಿ ವಾಲಿ,
ಚಿತ್ರ ಬಂದೇಬಿಟ್ಟಿತು!

ನೀಲಿ ಕೋಟಿನ ಹುಡುಗಿ, ಹಿಂದೆ ನಕ್ಷೆ.
ನಾವಿರುವ ದ್ವೀಪದ ಮೇಲೆಯೇ ಬೆರಳಿಟ್ಟು
ಏನೋ ವಿವರಿಸುತ್ತಿದ್ದಾಳೆ.

ಬಾಗಿಲು ತೆರೆಯಿತು. ಗಡ್ಡದಿಂದ, ತೋಳಿನಿಂದ,
ಬೂಟಿನ ಬಾಯಿಂದ ನೀರು ಸುರಿಸುತ್ತ ತೂರ್ಲೈಫ್:
‘ಏನಂತೆ?’

ಟವೆಲು ಎಸೆದೆ.
‘ಮಳೆಯಂತೆ.’